ಕರಿ ಕುರಿಯ ಫೋಟೊಗೆ ಎಷ್ಟು ಬೆಳಕು

ಪಶುವೈದ್ಯ ಕಚೇರಿಯಲ್ಲಿ ಟೈಪಿಸ್ಟ್ ಕೆಲಸವೆಂದರೆ ಸಗಣಿ ವಾಸನೆಯ ಕಾಗದಗಳನ್ನು ಟೈಪ್ ಮಾಡುವುದು ಎಂದು ನೀವು ತಿಳಿದಿದ್ದರೆ, ತಿಳಿದದ್ದು ಸರಿಯೇ. ನಾನು ಅದನ್ನೇ ಮಾಡಿ ನಿವೃತ್ತಳಾದೆ. ಆದರೆ ಅದರ ಜೊತೆಗೆ ಇನ್ನೊಂದು ಕೆಲಸವಿರುತ್ತದೆ. ನೇಮಕಾತಿ ಆದೇಶದಲ್ಲಿ ಅದರ ಸುದ್ದಿ ಇರುವುದಿಲ್ಲ, ತರಬೇತಿಯಲ್ಲೂ ಯಾರೂ ಹೇಳಿಕೊಡುವುದಿಲ್ಲ. ವರದಿಯೊಳಗೆ ಸೇರಿಸಿದ ಫೋಟೊಗಳ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕೆಲಸ ಅದು. ‘ಅಯ್ಯ, ಅದೇನು ದೊಡ್ಡ ವಿದ್ಯೆ, ಫೋಟೊ ಮೇಲೆ ಒತ್ತಿ, ಮೆನುವಿಗೆ ಹೋಗಿ, ಬ್ರೈಟ್‌ನೆಸ್ ಜರುಗಿಸಿದರೆ ಆಯಿತು’ ಎಂದು ನೀವು ಮೂಗು ಮುರಿಯುತ್ತೀರಿ, ಗೊತ್ತು. ಜರುಗಿಸುವುದಕ್ಕೆ ವಿದ್ಯೆ ಬೇಕಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಯಲು ಮಾತ್ರ ನನ್ನ ನೌಕರಿಯೆಲ್ಲ ಸಾಲಲಿಲ್ಲ.

ಲಿಂಗಸುಗೂರು, ಸಿಂಧನೂರು, ಕಡೆಗೆ ಮಸ್ಕಿ. ಈ ಮೂರು ಊರುಗಳ ಬಸ್ಸಿನಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ನಡುವೆ ಬಡ್ತಿಯೂ ಬಂತು. ಅದರಿಂದ ಕುರ್ಚಿ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ, ಆ ಮಾತು ಬಿಡಿ. ಯಾವ ಸಾಹೇಬರು ಯಾವ ಊರಿನಲ್ಲಿದ್ದರು ಎಂದೂ ಹೇಳುವುದಿಲ್ಲ. ಹೇಳಿದರೆ ಇನ್ನೂ ಗಟ್ಟಿಮುಟ್ಟಾಗಿರುವವರು ಫೋನ್ ಮಾಡಿ ಜಗಳಕ್ಕೆ ಬರುತ್ತಾರೆ.

ಮೊದಲು ಎಲ್ಲವೂ ಗೋಂದಿನ ಕಾರುಬಾರು. ಟೈಪ್ ಮಾಡಿದ ಹಾಳೆಯಲ್ಲಿ ಜಾಗ ಬಿಟ್ಟು, ಸ್ಟುಡಿಯೊದವನು ತೊಳೆದುಕೊಟ್ಟ ಫೋಟೊ ಅಂಟಿಸುತ್ತಿದ್ದೆ. ಫೋಟೊ ಕಪ್ಪಾಗಿದ್ದರೆ ಸ್ಟುಡಿಯೊದವನಿಗೆ ಬೈಗುಳ, ನನಗೇನೂ ಇಲ್ಲ. ಬೇಸಿಗೆಯಲ್ಲಿ ಗೋಂದು ಒಣಗಿ ಫೋಟೊಗಳು ಕಳಚಿ ಬೀಳುತ್ತಿದ್ದವು. ಒಮ್ಮೆ ಎಮ್ಮೆಯ ಫೋಟೊ ಕಳಚಿ ಕೋಳಿ ರೋಗದ ವರದಿಗೆ ಅಂಟಿಕೊಂಡು ಮೇಲಿನ ಕಚೇರಿಗೆ ಹೋಗಿಬಿಟ್ಟಿತು. ಅಲ್ಲಿಂದ ಬಂದ ಕಾಗದದಲ್ಲಿ ‘ಲಗತ್ತಿಸಿದ ಕೋಳಿಯ ತಳಿಯನ್ನು ಸ್ಪಷ್ಟಪಡಿಸಿ’ ಎಂದಿತ್ತು. ಬರೆದವರು ಸಿಟ್ಟಿನಿಂದ ಬರೆದರೋ ನಗುತ್ತ ಬರೆದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಅದರಲ್ಲಿ ಫೋಟೊ ಮೇಲೆ ಒತ್ತಿದಾಗ ಒಂದು ಪಟ್ಟಿ ತೆರೆದುಕೊಳ್ಳುತ್ತಿತ್ತು, ಪಟ್ಟಿಯಲ್ಲಿ ಎರಡು ಪುಟ್ಟ ಸೂರ್ಯರಿದ್ದರು. ಒಬ್ಬನ ಪಕ್ಕ ಮೇಲೆ ಹೋಗುವ ಬಾಣ, ಇನ್ನೊಬ್ಬನ ಪಕ್ಕ ಕೆಳಗೆ ಇಳಿಯುವ ಬಾಣ. ಮೊದಲ ದಿನ ಏನಿದು ನೋಡೋಣ ಎಂದು ಮೇಲಿನ ಸೂರ್ಯನನ್ನು ಒತ್ತುತ್ತಲೇ ಹೋದೆ. ಎತ್ತಿನ ಬೆನ್ನು ಮಾಯವಾಯಿತು, ಕೋಡು ಮಾಯವಾಯಿತು, ಕಡೆಗೆ ಬಿಳಿ ಹಾಳೆಯ ನಡುವೆ ಎರಡು ಕಣ್ಣು ಮಾತ್ರ ಉಳಿದವು. ಇದ್ದ ಒಂದೇ ಫೋಟೊ ಕೆಡಿಸಿಬಿಟ್ಟೆನಲ್ಲ ಎಂದುಕೊಂಡೆ. ಹುಡುಕಾಡಿ ‘ರಿಸೆಟ್’ ಒತ್ತಿದಾಗ ಎತ್ತು ಪೂರ್ತಿ ವಾಪಸು ಬಂತು. ನಾವು ಎಷ್ಟೇ ಬೆಳಕು ಸುರಿದರೂ ಮೂಲ ಫೋಟೊ ಒಳಗೆ ಹಾಗೆಯೇ ಕುಳಿತಿರುತ್ತದೆ ಎಂದು ಅವತ್ತು ಗೊತ್ತಾಯಿತು. ಅಂದಿನಿಂದ ನನಗೆ ಆ ಸೂರ್ಯರ ಮೇಲೆ ವಿಚಿತ್ರ ಕುತೂಹಲ ಹತ್ತಿಕೊಂಡಿತು.

ಆ ಕುತೂಹಲಕ್ಕೆ ನೀರೆರೆದವರು ಒಬ್ಬ ಸಾಹೇಬರು. ಅವರಿಗೆ ಫೋಟೊ ಬೆಳ್ಳಗೆ, ಮದುವೆ ಆಲ್ಬಮ್ಮಿನಂತೆ ಕಾಣಬೇಕು. ಬೆಳಿಗ್ಗೆ ಬಂದವರೇ ಕರೆಯುತ್ತಿದ್ದರು.

"ಅನ್ನಪೂರ್ಣಾ, ಇದೇನವಾ, ಕತ್ತಲ್ಯಾಗ ತೆಗದ್ಹಂಗ ಐತಿ. ಬೆಳಕ್ ಮಾಡು."

ಬೆಳಕು ಮಾಡಿ ಕಳಿಸುತ್ತಿದ್ದೆ. ನನ್ನ ಪರದೆಯ ಮೇಲೆ ಆಕಳು ಸುಣ್ಣ ಬಳಿದಂತೆ ಕಾಣುತ್ತಿತ್ತು. ಅವರು ಮತ್ತೆ ಕರೆದು, "ಇನ್ನೂ ಸ್ವಲ್ಪ" ಎನ್ನುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು. ಒಂದು ದಿನ ಅವರು ಊಟಕ್ಕೆ ಹೋದಾಗ ಅವರ ಕುರ್ಚಿಯಲ್ಲಿ ಕುಳಿತೇ ನೋಡಿದೆ. ನಮ್ಮ ಸಾಹೇಬರು ಕಣ್ಣು ಉರಿಯುತ್ತದೆಂದು ಮಾನಿಟರಿನ ಬೆಳಕನ್ನೇ ಪೂರ್ತಿ ತಗ್ಗಿಸಿಕೊಂಡು ಕೂತಿದ್ದರು! ಕತ್ತಲಾಗಿದ್ದದ್ದು ಅವರ ಪೆಟ್ಟಿಗೆ, ಬೆಳ್ಳಗಾಗುತ್ತಿದ್ದದ್ದು ನನ್ನ ಆಕಳು. ಅದನ್ನು ಹೇಳಿದ್ದಕ್ಕೆ ಅವರು, "ಹಂಗಾದ್ರ ನನ್ನ ಕಣ್ಣಿಗೆ ಬೆಂಕಿ ಹಾಕ್ಕೋಬೇಕೇನು?" ಎಂದು ನನ್ನ ಮೇಲೆಯೇ ಹರಿಹಾಯ್ದರು. ಫೋಟೊದ ಬೆಳಕು ಬೇರೆ, ಪರದೆಯ ಬೆಳಕು ಬೇರೆ, ಕಾಗದಕ್ಕೆ ಬಂದಾಗ ಅದು ಮತ್ತೂ ಬೇರೆ. ಇದರಲ್ಲಿ ಯಾವುದು ಖರೆ ಎಂದು ನಾನು ಆಗಿನಿಂದ ಕೇಳಿಕೊಳ್ಳತೊಡಗಿದೆ.

ಅದೇ ಸಾಹೇಬರ ಕಾಲದಲ್ಲಿ ಕರಿ ಕುರಿಯ ನಿಯಮ ಹುಟ್ಟಿತು. ನಮ್ಮ ಸೀಮೆಯ ಕುರಿಗಳು ಕರಿ ಕಂಬಳಿಯ ಕುರಿಗಳು. ಮೂತಿಯೂ ಕಪ್ಪು, ಕಾಲೂ ಕಪ್ಪು. ಫೋಟೊ ತೆಗೆಯುವವನು ನಮ್ಮ ಕಚೇರಿಯ ಸಹಾಯಕ ಮೌಲಾಸಾಬ್. ಅವನು ಊರೂರು ತಿರುಗಿ ಮಟಮಟ ಮಧ್ಯಾಹ್ನ ಮೊಬೈಲಿನಲ್ಲಿ ತೆಗೆದು ತರುತ್ತಿದ್ದ. ಸುತ್ತಲಿನ ನೆಲ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು, ಕುರಿ ಇದ್ದ ಜಾಗದಲ್ಲಿ ಒಂದು ಕರಿ ತೂತು ಮಾತ್ರ. "ಇದರಾಗ ಮುಂದು ಯಾವುದು, ಹಿಂದು ಯಾವುದೋ ಮೌಲಾ?" ಎಂದು ಕೇಳಿದರೆ, "ಬಾಲದ ಕಡೆ ನಾ ನಿಂತಿದ್ದಿಲ್ರೀ ಮೇಡಂ, ಅಂದ್ರ ಇದು ಮುಂದ ಇರಬೇಕು" ಎನ್ನುತ್ತಿದ್ದ. ಅದಕ್ಕೇ ಸಾಹೇಬರು ಕಟ್ಟಪ್ಪಣೆ ಮಾಡಿದರು. ಕರಿ ಕುರಿಯಾದರೆ ಬೆಳಕು ನೂರಕ್ಕೆ ನಲವತ್ತು ಏರಿಸುವುದು, ಬಿಳಿ ಎತ್ತಾದರೆ ಇಪ್ಪತ್ತು ಇಳಿಸುವುದು, ಉಳಿದದ್ದಕ್ಕೆ ಕೈ ಹಚ್ಚುವುದು ಬೇಡ. ಸಾಹೇಬರು ವರ್ಗವಾಗಿ ಹೋದರು, ನಿಯಮ ಉಳಿಯಿತು. ಕಂಪ್ಯೂಟರಿನಲ್ಲಿ ಸೂರ್ಯರು ಹೋಗಿ ಜರುಗಿಸುವ ಗೀಟು ಬಂತು, ಆಗಲೂ ನಿಯಮ ಅದೇ.

ನಾನೂ ಮೌಲಾಸಾಬನೂ ಮಸ್ಕಿ ಕಡೆ ಇದ್ದಾಗಿನ ಮಾತು. ನಮ್ಮಲ್ಲಿ ಡಾಕ್ಟರ ಹುದ್ದೆ ಖಾಲಿ ಇತ್ತು. ಇನ್ನೊಂದು ತಾಲ್ಲೂಕಿನ ಡಾಕ್ಟರು ವಾರಕ್ಕೊಮ್ಮೆ ಬಂದು ನೋಡಿಹೋಗುತ್ತಿದ್ದರು. ನಡುವೆ ಏನಾದರೂ ಬಂದರೆ ಮೌಲಾಸಾಬ್ ಹೋಗಿ ಫೋಟೊ ತರುವುದು, ನಾನು ವರದಿ ಮಾಡಿ ರಾಯಚೂರಿನ ಹಿರಿಯ ಡಾಕ್ಟರಿಗೆ ಇಮೇಲ್ ಕಳಿಸುವುದು, ಅವರು ಫೋನಿನಲ್ಲಿ ಹೇಳಿದ ಔಷಧಿ ಕೊಡುವುದು. ಹೀಗೆ ನಡೆಯುತ್ತಿತ್ತು.

ಪಾಮನಕಲ್ಲೂರಿನ ಹುಲಿಗೆಮ್ಮ ಮತ್ತು ಅವಳ ಗಂಡ ಯಂಕಪ್ಪ ಕುರಿ ಸಾಕಿದವರು. ಭತ್ತ ಕೊಯ್ದ ಮೇಲೆ ಕಾಲುವೆ ನೀರಿನ ಸೀಮೆಗೆ ಹೋಗಿ, ಗೊರೇಬಾಳದ ಸುತ್ತಿನ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಹಿಂಡು ತರುಬುವುದು ಅವರ ರೂಢಿ. ಆ ಸಲ ವಾಪಸು ಬಂದ ಮೇಲೆ ಕುರಿಗಳ ಮುಖ ಊದಿಕೊಂಡಿತು, ಬಾಯಿಂದ ಜೊಲ್ಲು ಸುರಿಯತೊಡಗಿತು, ಮೇವು ಮುಟ್ಟಲೊಲ್ಲವು. ಮೊದಲು ಮಲಗಿದ್ದು ಕಾಳವ್ವ. ಅದು ಹಿಂಡಿನ ಮುಂದೆ ನಡೆಯುವ ಕುರಿ, ಹುಲಿಗೆಮ್ಮ ತವರಿನಿಂದ ಹೊಡೆದುಕೊಂಡು ಬಂದ ಕುರಿಯ ಸಂತತಿ. ಕಾಳವ್ವ ಎದ್ದರೆ ಹಿಂಡು ಏಳುತ್ತದೆ, ಅದು ಕೂತರೆ ಎಲ್ಲ ಕೂರುತ್ತವೆ ಎಂದು ಮೌಲಾಸಾಬ್ ಬಂದು ಹೇಳಿದ. ಆ ಹಿಂಡು ಬಿಟ್ಟರೆ ಆ ಗಂಡಹೆಂಡಿರಿಗೆ ಬೇರೆ ಏನೂ ಇರಲಿಲ್ಲ.

ಮೌಲಾಸಾಬ್ ತಂದ ಫೋಟೊದಲ್ಲಿ ಹುಲಿಗೆಮ್ಮ ಕಾಳವ್ವನ ಬಾಯಿ ಅಗಲಿಸಿ ಹಿಡಿದಿದ್ದಳು. ಎಂದಿನಂತೆ ಕರಿ ತೂತು. ನಾನು ಎಂದಿನಂತೆ ನಲವತ್ತು ಏರಿಸಿದೆ, ಒಸಡು ನಾಲಿಗೆ ಚೆನ್ನಾಗಿ ಕಂಡವು, ಕಳಿಸಿದೆ. ಹಿರಿಯ ಡಾಕ್ಟರು ಬೇಗನೆ ಫೋನ್ ಮಾಡಿದರು.

"ಒಸಡು ಬಿಳಿಚಿಕೊಂಡಾವ್ರಿ. ಮೈಯಾಗ ರಕ್ತ ಇಲ್ಲ. ಹೊಟ್ಟ್ಯಾಗ ಹುಳ ಆಗಿರಬೇಕು, ಅದರಿಂದನೂ ಮಾರಿ ಊದತೈತಿ. ಜಂತಿನ ಔಷಧಿ ಕೊಡ್ರಿ."

ಸರಿ ಸರ್ ಎಂದೆ. ಅವರು ಫೋನ್ ಇಡಲಿಲ್ಲ. "ಬಾಯಿ ಕೆಂಪಗ, ನಾಲಿಗಿ ನೀಲಿ ಇದ್ದಿದ್ರ ಮಾತು ಬ್ಯಾರೆ ಇತ್ತು ನೋಡ್ರಿ. ಗದ್ದಿ ಕಡಿ ಹೋಗಿ ಬಂದಾವ ಅಂತೀರಿ, ನುಸಿ ಕಡದು ಬರೋ ಬ್ಯಾನಿ ಐತಿ ಒಂದು. ಆದ್ರ ಫೋಟೊದಾಗ ಬೆಳ್ಳಗನ ಐತಲ್ಲ" ಎಂದರು.

ಔಷಧಿ ಒಯ್ಯಲು ಹುಲಿಗೆಮ್ಮ ತಾನೇ ಮಸ್ಕಿಗೆ ಬಂದಳು. ಒಣಗಿದ ಮೈ, ಗಟ್ಟಿ ದನಿ. ಮೌಲಾಸಾಬ್ ಕಪಾಟಿನಲ್ಲಿ ಬಾಟಲಿ ಹುಡುಕುತ್ತಿದ್ದಾಗ ಅವಳು ನನ್ನ ಬೆನ್ನ ಹಿಂದೆ ಬಂದು ನಿಂತು ಪರದೆ ನೋಡಿದಳು.

"ಅಕ್ಕಾರ, ಇದು ಯಾರ ಕುರೀರಿ?"

"ಯಾರದಂದ್ರ? ನಿಂದ ಅಲ್ಲೇನ? ಕಾಳವ್ವ."

"ಅಲ್ಲಲ್ಲ. ಕಾಳವ್ವನ ಬಾಯಿ ಹಿಂಗ ಸುಣ್ಣದಂಗಿಲ್ಲ. ಮತ್ತ ಈ ಕೈನೂ ನಂದಲ್ಲ ಬಿಡ್ರಿ."

ನನಗೆ ನಗು ಬಂತು. "ಯವ್ವಾ, ನಿನ್ನ ಕೈ ನಿನಗ ಗುರ್ತ ಸಿಗವಲ್ದೇನ?"

"ಬಳಿ ನೋಡ್ರೆಲಾ! ನಾ ಇಂಥಾ ಗಿಣಿ ಹಸರ ಎಂದ ಇಟ್ಟೀನಿ? ನಂದು ಎಲಿ ಹಸರ." ಹಾಗೆಂದವಳೇ ತನ್ನ ಕೈಯನ್ನು ಪರದೆಯ ಮುಂದೆ ಚಾಚಿದಳು.

ನನ್ನ ನಗು ನಿಂತಿತು. ಅವಳ ಕೈಯಲ್ಲಿದ್ದದ್ದು ವೀಳ್ಯದೆಲೆಯಂಥ ದಟ್ಟ ಹಸಿರಿನ ಗಾಜಿನ ಬಳೆಗಳು. ಪರದೆಯ ಮೇಲಿನವು ತೆಳು ಹಳದಿ ಬೆರೆತ ಹಸಿರು. ಅವೇ ಬಳೆಗಳು! ನಾನು ಕುರಿಗೆ ಸುರಿದ ಬೆಳಕು ಬಳೆಗೂ ಬಿದ್ದಿತ್ತು, ಬಾಯಿಯೊಳಗೂ ಬಿದ್ದಿತ್ತು. "ಮೌಲಾ, ಆ ಬಾಟಲಿ ಅಲ್ಲೇ ಇಡು" ಎಂದು ಕೂಗಿದೆ.

ಮೊದಲು ರಿಸೆಟ್ ಒತ್ತಿದೆ. ಮೂಲ ಫೋಟೊ ಬಂತು, ಅದರಲ್ಲಿ ನಾಲಿಗೆ ಮಸಿಯ ಹಾಗಿತ್ತು. ನೀಲಿಯೇ ಎನ್ನೋಣವೆಂದರೆ ಬಳೆಗಳೂ ಮಸಿಯ ಹಾಗೆಯೇ ಇದ್ದವು. ಅದೂ ಸುಳ್ಳು. "ಕೈ ತಗೀಬ್ಯಾಡವಾ, ಹಂಗ ಹಿಡಿ" ಎಂದು ಹುಲಿಗೆಮ್ಮನ ಕೈಯನ್ನು ಪರದೆಯ ಪಕ್ಕಕ್ಕೆ ತಂದು, ಬಿಸಿಲು ಪರದೆಗೆ ಹೊಡೆಯದಂತೆ ಕಿಟಕಿ ಮುಚ್ಚಿಸಿ, ಗೀಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಜರುಗಿಸಿದೆ. ಮೌಲಾಸಾಬ್ ಬಗ್ಗಿ ನೋಡುತ್ತ ನಿಂತ.

"ಇನ್ನೊಂಚೂರು ಏರಸ್ರಿ... ಹಾಂ, ಹಾಂ, ಜಾಸ್ತಿ ಆತು, ಹಿಂದಕ್ಕ ತರ್ರಿ... ಬರೋಬ್ಬರಿ! ಈಗ ನೋಡ್ರಿ ಮೇಡಂ, ಕೈಯಾಗಿಂದೂ ಅದ ಬಣ್ಣ, ಫೋಟೊದಾಗಿಂದೂ ಅದ ಬಣ್ಣ."

"ಈಗ ನನ್ನ ಕೈ" ಎಂದಳು ಹುಲಿಗೆಮ್ಮ.

ಬಳೆ ಸರಿಬಂದ ಆ ಬೆಳಕಿನಲ್ಲಿ ಕುರಿಯ ಬಾಯಿ ನೋಡಿದೆವು. ಒಸಡು ಬಿಳಿಚಿರಲಿಲ್ಲ, ಕೆಂಪಗೆ ಕುದಿಯುವ ಬಣ್ಣ. ನಾಲಿಗೆಯ ಅಂಚು ನೀಲಿಗೆ ತಿರುಗಿತ್ತು. ನನಗೆ ಹೆದರಿಕೆಯೂ ಆಯಿತು, ಸುಳ್ಳೇಕೆ, ಒಳಗೊಳಗೇ ಹಿಗ್ಗೂ ಆಯಿತು. ಇಷ್ಟು ವರ್ಷ ಯಾವುದು ಖರೆ ಎಂದು ಕೇಳಿಕೊಂಡಿದ್ದೆನಲ್ಲ, ಕೈಗೆ ಸಿಗುವ ಉತ್ತರ ಮೊದಲ ಸಲ ಸಿಕ್ಕಿತ್ತು.

ಹಿರಿಯ ಡಾಕ್ಟರಿಗೆ ಫೋನ್ ಹಚ್ಚಿದೆ. "ಸರ್, ಫೋಟೊ ಮತ್ತ ಕಳಿಸೀನಿ. ಅದರಾಗ ಬಳಿ ನಿಮಗ ಯಾವ ಬಣ್ಣ ಕಾಣಾಕತ್ತಾವ?"

"ಬಳೀನಾ? ಯಾರ ಬಳೀರಿ?"

"ಕುರಿ ಬಾಯಿ ಹಿಡದಾಕಿದು, ಸರ್."

"ಹಸರ ಅದಾವ."

"ಎಂಥಾ ಹಸರ ಸರ್?"

"ಹಸರ ಅಂದ್ರ ಹಸರ ಅಮ್ಮಾ! ನಾ ಏನು ಬಳಿ ಅಂಗಡಿ ಇಟ್ಟೀನೇನು?"

ಅಲ್ಲಿಗೆ ಗೊತ್ತಾಯಿತು, ಅವರ ಪರದೆ ಅವರದು, ನನ್ನದು ನನ್ನದು. ಇಲ್ಲಿ ಎಷ್ಟೇ ಸರಿ ಮಾಡಿ ಕಳಿಸಿದರೂ ಅಲ್ಲಿ ಹೇಗೆ ಕಾಣುತ್ತದೋ ಆ ದೇವರೇ ಬಲ್ಲ. ಅವರ ಕೈಯಲ್ಲೂ ಒಂದು ಬಳೆ ಇರಬೇಕು. ಹುಲಿಗೆಮ್ಮನ ಕಡೆ ತಿರುಗಿ, "ಒಂದು ಬಳಿ ಕೊಡ್ತಿಯೇನವಾ?" ಎಂದೆ.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ಮುತ್ತೈದಿ ಕೈಯಾಗಿನ ಬಳಿ ಕೇಳ್ತೀರಲ್ರೀ ಅಕ್ಕಾರ! ಮನಿಯಾಂವ ಗಟ್ಟಿ ಅದಾನ ಇನ್ನ." ತಪ್ಪು ನನ್ನದೇ, ಕೇಳುವ ರೀತಿಯೇ ಅದಲ್ಲ. ಕೈ ಬರಿದು ಮಾಡುವುದು ಬೇಡ, ಉಳಿದವೆಲ್ಲ ಕೈಯಲ್ಲೇ ಇರಲಿ, ಒಂದೇ ಒಂದು ಸಾಕು, ಅದೂ ಕಾಳವ್ವನ ಸಲುವಾಗಿ ಎಂದು ಬಿಡಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಪರದೆಯ ಮೇಲಿನ ಕುರಿಯನ್ನು ನೋಡಿದಳು. ಆಮೇಲೆ ಕೊಡದ ನೀರಿನಲ್ಲಿ ಕೈ ಒದ್ದೆ ಮಾಡಿಕೊಂಡು, ಬೆರಳು ಮಡಚಿ, ಹಲ್ಲು ಕಚ್ಚಿ ಒಂದು ಬಳೆ ಜಾರಿಸಿದಳು.

"ಒಡೀಬಾರ್ದ್ ನೋಡ್ರಿ. ಒಡದ್ರ ನಿಮ್ಮನ್ನ ಸುಮ್ನ ಬಿಡಂಗಿಲ್ಲ."

ಇಂಜೆಕ್ಷನ್ ಬಂದಿದ್ದ ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿ ಬಳೆಯಿಟ್ಟೆ. ಮೇಲೊಂದು ಪತ್ರ ಬೇಕಲ್ಲ, ಅದನ್ನೂ ಟೈಪ್ ಮಾಡಿದೆ. ಕೊನೆಯ ಸಾಲಿನಲ್ಲಿ ‘ಲಗತ್ತು: ಗಾಜಿನ ಬಳೆ, ಒಂದು’ ಎಂದು ಬರೆದೆ. ರಾಯಚೂರು ಬಸ್ಸಿನ ಕಂಡಕ್ಟರನಿಗೆ ಪೆಟ್ಟಿಗೆ ಕೊಡಲು ಓಡುತ್ತ ಮೌಲಾಸಾಬ್, "ಮೇಡಂ, ಯಾರರ ನೋಡಿದ್ರ ಕಚೇರಿಯಿಂದ ಸೀರಿ ಕುಬ್ಸ ಎಂದ ಹೋಗ್ತದ ಅಂತ ಕೇಳ್ತಾರ" ಎಂದು ಅಣಕಿಸಿದ.

ಸಂಜೆಗೆ ಹಿರಿಯ ಡಾಕ್ಟರ ಫೋನು ಬಂತು. ದನಿ ಬೇರೆಯಾಗಿತ್ತು. "ಬಳಿ ಹಿಡದು ನೋಡಿದೆ ಅಮ್ಮಾ. ನನ್ನ ಸ್ಕ್ರೀನೂ ಬೆಳ್ಳಗ ಕಾಣಸ್ತಿತ್ತು, ತಗ್ಗಿಸಿದೆ. ಈಗ ಕಾಣ್ತು. ಜಂತಿನ ಔಷಧಿ ಬ್ಯಾಡ. ಬ್ಯಾನಿ ಕುರಿ ಬ್ಯಾರೆ ಕಟ್ರಿ, ನೆಳ್ಳಾಗ ಇಡ್ರಿ, ಸಂಜಿಗೆ ಹೊಗಿ ಹಾಕ್ರಿ ನುಸಿ ಬರಲಾರ್ದಂಗ. ಅಂಬಲಿ ಕುಡಸ್ರಿ. ನಾಳೆ ನಾನ ಬರ್ತೀನಿ, ರಕ್ತ ಒಯ್ದು ತಪಾಸ್ ಮಾಡಸ್ತೀನಿ."

ಮಾತಿನಂತೆ ಬಂದರು. ಬಳೆಯನ್ನು ಅಂಗಿಯ ಜೇಬಿನಲ್ಲಿಟ್ಟು ತಂದು ಹುಲಿಗೆಮ್ಮನ ಕೈಗೇ ಕೊಟ್ಟರು. ರಕ್ತದ ತಪಾಸಣೆಯಲ್ಲಿ ನೀಲಿ ನಾಲಿಗೆ ರೋಗವೆಂದೇ ಬಂತು. ಸುತ್ತಲಿನ ಹಿಂಡುಗಳಿಗೆ ಲಸಿಕೆ ಹಾಕಿಸಿದರು. ಬಳೆ ಕಳಿಸದಿದ್ದರೆ ಏನಾಗುತ್ತಿತ್ತು? ಅವರಿಗೆ ಮೊದಲೇ ಅನುಮಾನವಿತ್ತು, ಹೇಗೂ ಬರುತ್ತಿದ್ದರೋ ಏನೋ. ಅದನ್ನು ನಾನು ಈಗಲೂ ಯೋಚಿಸುತ್ತೇನೆ, ಆದರೆ ನನ್ನಿಂದಲೇ ಹಿಂಡು ಉಳಿಯಿತು ಎಂದು ಎದೆ ತಟ್ಟಿಕೊಳ್ಳುವ ಧೈರ್ಯ ನನಗಿಲ್ಲ.

ನಮ್ಮ ಕೆಲಸದ ಪದ್ಧತಿ ಮಾತ್ರ ಬದಲಾಯಿತು. ನಲವತ್ತರ ನಿಯಮವನ್ನು ನಾನೇ ತೆಗೆದುಹಾಕಿದೆ. ಮೌಲಾಸಾಬ್ ಕಿಸೆಯಲ್ಲಿ ಅಂಗಡಿಯಿಂದ ತಂದ ಹಸಿರು ಬಳೆಯ ಚೂರೊಂದನ್ನು ಇಟ್ಟುಕೊಂಡು, ಪ್ರತಿ ಫೋಟೊದ ಮೂಲೆಯಲ್ಲಿ ಅದು ಬರುವಂತೆ ತೆಗೆಯತೊಡಗಿದ. ಅದೇ ಬಳೆಯ ಇನ್ನೊಂದು ಚೂರು ನನ್ನ ಮೇಜಿನ ಮೇಲೆ, ಮತ್ತೊಂದು ರಾಯಚೂರಿನಲ್ಲಿ. ನೀವು ಬಳೆಯೇ ಇಡಿ ಎನ್ನುವುದಿಲ್ಲ. ಬಣ್ಣ ಗೊತ್ತಿರುವ ಯಾವುದಾದರೂ ಒಂದು ವಸ್ತು ಫೋಟೊದಲ್ಲೂ ಇರಲಿ, ಕೈಯಲ್ಲೂ ಇರಲಿ. ಮತ್ತೆ, ಫೈಲು ದೊಡ್ಡದಾಯಿತೆಂದು ಫೋಟೊಗಳನ್ನು ಕಂಪ್ರೆಸ್ ಮಾಡಬೇಡಿ. ಮೂಲ ಬೆಳಕು ಹೋದರೆ ಹೋಯಿತು, ಯಾವ ರಿಸೆಟ್ಟೂ ಅದನ್ನು ತಂದುಕೊಡುವುದಿಲ್ಲ.

ಹಿಂಡಿನ ಬಹಳಷ್ಟು ಕುರಿಗಳು ಚೇತರಿಸಿಕೊಂಡವು. ಕಾಳವ್ವ ಏಳಲಿಲ್ಲ. ಅಂಬಲಿ ಕುಡಿಯಿತು, ಎರಡು ದಿನ ತಲೆಯೆತ್ತಿತು, ಆಮೇಲೆ ಹೋಯಿತು. ಸುದ್ದಿ ಕೇಳಿ ನನಗೂ ಸಂಕಟವಾಯಿತು. ಎದುರಿಗೆ ಎಂದೂ ನೋಡದ ಕುರಿ, ಆದರೂ ಎಷ್ಟು ಹೊತ್ತು ಅದರ ಬಾಯಿಯನ್ನೇ ನೋಡುತ್ತ ಕುಳಿತಿದ್ದೆನಲ್ಲ.

ಕೊನೆಯ ವರದಿಗೆ ಸಹಿ ಹಾಕಲು ಗಂಡಹೆಂಡತಿ ಇಬ್ಬರೂ ಮಸ್ಕಿಗೆ ಬಂದರು. ಯಂಕಪ್ಪ ಸಹಿ ಮಾಡಿದವನೇ ಹೊರಗೆ ಹೋಗಿ ಬಾಗಿಲ ಬಳಿ ಆ ಕಡೆ ಮುಖ ಮಾಡಿ ಕುಳಿತ. ಹುಲಿಗೆಮ್ಮ ಹೆಬ್ಬೆಟ್ಟು ಒತ್ತಿ, ಮಸಿ ಒರೆಸಿಕೊಳ್ಳುತ್ತ, ಪರದೆಯ ಮೇಲೆ ಅದೇ ಫೋಟೊ ಇರುವುದನ್ನು ಕಂಡಳು. ಬಳೆಗೆ ಸರಿಹೊಂದಿಸಿದ ಫೋಟೊ, ಖರೆ ಬಣ್ಣದ್ದು. ಬಾಯಿ ಕಾಣುತ್ತಿತ್ತು, ಮುಖ ಬರೀ ಕಪ್ಪು.

"ನಮ್ಮ ಕಡೆ ಆಕಿದು ಒಂದೂ ಫೋಟೊ ಇಲ್ರೀ ಅಕ್ಕಾರ" ಎಂದಳು. ಪರದೆಯತ್ತ ಬೆರಳು ಮಾಡಿದಳು. "ಅವತ್ತ ಮೊದಲ ಮಾಡಿದ್ರೆಲಾ, ಆ ಸುಳ್ಳ ಬೆಳಕು, ಅದನ್ನ ಹಾಕ್ರಿ ಒಮ್ಮಿ. ಮಾರಿ ನೋಡ್ತೀನಿ."

ನಾನು ಗೀಟನ್ನು ಮೆಲ್ಲಗೆ ಜರುಗಿಸಿದೆ. ಬಳೆಗಳು ಗಿಣಿ ಹಸಿರಾದವು, ಬಾಯಿ ಬಿಳಿಚಿತು. ಕಪ್ಪಿನೊಳಗಿಂದ ಮೊದಲು ಒಂದು ಕಣ್ಣು ಬಂತು, ಆಮೇಲೆ ಕೊಯ್ದು ಗುರುತು ಮಾಡಿದ ಕಿವಿ, ಹಣೆಯ ಮೇಲಿನ ಸುರುಳಿ ಕೂದಲು. ನಲವತ್ತು ದಾಟಿದರೂ ನಾನು ನಿಲ್ಲಿಸಲಿಲ್ಲ. ಇನ್ನೊಂದು ಕಣ್ಣೂ ಬಂತು.

ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ತಿರುಗಿದಳು.

"ಏನ್ರೀ, ಬರ್ರಿ ಒಳಗ. ಕಾಳವ್ವ ಕಾಣಾಕತ್ಯಾಳ."